ಹದಿನೆಂಟು ಹೆಜ್ಜೆ

ಕೈ ಹಿಡಿದು ನಡೆಸುತ್ತೇನೆ ಅಂದರೆ ಕಾಕಾ ಒಪ್ಪಲಿಲ್ಲ. "ನಾ ಏನ್ ಹೊಸಾ ಸೊಸಿ ಏನೋ, ಕೈ ಹಿಡದು ಹೊಸ್ತಲಾ ದಾಟಸಾಕ?" ಅಂದರು. ಹೋಗಲಿ, ನನ್ನ ಹೆಗಲ ಮೇಲೆ ಕೈ ಇಡಿ ಅಂದೆ. ಅದೂ ಬೇಡ. "ಹೆಗಲಿಗೆ ಹೊತ್ಕೊಂಡು ಹೋಗೂ ದಿನಾ ಒಂದು ಬರ್ತೈತಿ. ಅಲ್ಲೀ ತನಾ ತಡ್ಕೋ." ಕಡೆಗೆ ಅವರೇ ಒಂದು ಉಪಾಯ ತೆಗೆದರು. ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು, ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಎರಡು ವರ್ಷ ನಾವಿಬ್ಬರೂ ದಿನಾ ಮುಂಜಾನೆ ಆ ಟವೆಲ್ಲಿನ ಎರಡು ತುದಿ ಹಿಡಿದೇ ನಡೆದೆವು. ಯಾರು ಎತ್ತು, ಯಾರು ಒಕ್ಕಲಿಗ ಅಂತ ನೋಡಿದವರು ನಗುತ್ತಿದ್ದರು. ನಕ್ಕವರಿಗೆ ಕಾಕಾ, "ಎತ್ತು ನಾನ. ಆದ್ರ ದಾರಿ ಎತ್ತಿಗೇ ಗೊತ್ತು" ಅನ್ನುತ್ತಿದ್ದರು.

ಆ ಮಾತು ಖರೆ ಇತ್ತು. ಅದು ಖರೆ ಇತ್ತು ಅನ್ನುವುದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಬರೆಯಲು ಕುಳಿತಿದ್ದೇನೆ.

ಗಡಿಯಾಚೆ ಮಹಾರಾಷ್ಟ್ರದ ಜತ್ತ ನಮ್ಮ ಊರು. ಅದರ ಅಂಚಿಗೆ ಒಂದು ಗಾರ್ಡನ್ ಇದೆ. ಮುಂದಿನ ಅರ್ಧ ಎಲ್ಲ ಊರಿನ ಗಾರ್ಡನ್ನುಗಳ ಹಾಗೇ: ಜೋಕಾಲಿ, ಜಾರುಬಂಡಿ, ಬಣ್ಣ ಉದುರಿದ ಸಿಮೆಂಟಿನ ಜಿಂಕೆ. ಹಿಂದಿನ ಅರ್ಧ ಮಾತ್ರ ಬೇರೆ. ಅದು ಮೊದಲು ದನ ಕುರಿ ಮೇಯುವ ಗಾಯರಾಣ ಆಗಿತ್ತು. ಅಲ್ಲಿ ಯಾರೂ ಏನೂ ನೆಟ್ಟಿಲ್ಲ. ಬೇವು, ಬಾರಿ, ಜಾಲಿ, ಹಳದಿ ಹೂವಿನ ತಂಗಡಿ, ಎಲ್ಲ ತಮ್ಮಷ್ಟಕ್ಕೆ ತಾವೇ ಹುಟ್ಟಿದವು. ಕುರಿಗಳ ಗೊರಸಿನಿಂದ ಬಿದ್ದ ದಾರಿಯನ್ನೇ ಹಾಗೇ ಉಳಿಸಿ, ಅದರ ಬಾಯಿಗೆ ಮರಾಠಿಯಲ್ಲಿ 'ನಿಸರ್ಗ ಪಾಯವಾಟ', ಅಂದರೆ ನಿಸರ್ಗದ ಕಾಲುದಾರಿ, ಅಂತ ಬೋರ್ಡು ನಿಲ್ಲಿಸಿದ್ದಾರೆ. ಕುರಿ ದಾರಿ ಅಂತ ಬರೆದರೆ ನಡೆಯಲು ಯಾರು ಬರುತ್ತಾರೆ? ಮುಂಜಾನೆ ಅಲ್ಲಿ ಬೆಳವಗಳ ಗುಟುರು ಬಿಟ್ಟರೆ ಸದ್ದಿಲ್ಲ. ಒಮ್ಮೊಮ್ಮೆ ಕೌಜುಗಗಳ ಗುಂಪೊಂದು ಕಾಲಡಿಯಿಂದ ಪುರ್ ಅಂತ ಎದ್ದು ಎದೆ ನಡುಗಿಸುತ್ತದೆ. ಬಸ್ ಸ್ಟ್ಯಾಂಡಿನ ಹಾರ್ನು ಅಲ್ಲಿಗೂ ಕೇಳುತ್ತದೆ, ಆದರೆ ಬೇರೆ ಯಾರದೋ ಊರಿನದು ಅನ್ನುವ ಹಾಗೆ.

ಕಾಕಾ ಅಂದರೆ ನನ್ನ ಸ್ವಂತ ಕಾಕಾ ಅಲ್ಲ. ನಮ್ಮ ಓಣಿಯಲ್ಲಿ ಎದುರು ಮನೆಯವರು. ಅವರ ಕಾಳಿನ ಅಂಗಡಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ನಾನು ಕಲಿತದ್ದು ಮರಾಠಿ ಸಾಲೆ, ಮುಂದೆ ಕಲಿಸಿದ್ದೂ ಮರಾಠಿ ಸಾಲೆಯಲ್ಲೇ. ನನ್ನ ಕನ್ನಡ ಪುಸ್ತಕದ್ದಲ್ಲ. ಆ ಅಂಗಡಿಯ ಜೋಳದ ಚೀಲಗಳ ಮೇಲೆ ಕುಳಿತು ಹಿರಿಯರ ಬಾಯಿಂದ ಆಯ್ದುಕೊಂಡದ್ದು. ಗಿಡಗಳ ಹೆಸರು, ಮಳೆಗಳ ಹೆಸರು, ಬೈಗುಳ, ಗಾದೆ, ಸತ್ತವರ ಮನೆಯಲ್ಲಿ ಏನು ಮಾತಾಡಬೇಕು, ಮದುವೆ ಮುರಿಯುವಾಗ ಏನು ಮಾತಾಡಬಾರದು, ಇದನ್ನೆಲ್ಲ ಕಲಿಸಿದ್ದು ಕಾಕಾ. ನಾನು ಈಗ ಬರೆಯುತ್ತಿರುವ ಈ ಸಾಲಿನಲ್ಲೂ ಅರ್ಧ ಅವರದೇ ಇದೆ.

ಮಾತಿಗಿಂತ ದೊಡ್ಡದು ಅವರ ಕೈ. ಕಾಳಿನ ವ್ಯಾಪಾರಕ್ಕೆ ಬಂದ ರೈತ ಚೀಲದ ಬಾಯಿ ಬಿಚ್ಚುವುದರೊಳಗೆ ಕಾಕಾ ಮೊಣಕೈ ತನಕ ಕೈ ಇಳಿಬಿಡುತ್ತಿದ್ದರು. ಮುಖ ಬೇರೆ ಕಡೆ, ಮಾತು ಬೇರೆ ಯಾರ ಜೊತೆಗೋ. ಕೈ ಮಾತ್ರ ಕಾಳಿನ ಒಳಗೆ ಏನೋ ಹುಡುಕುತ್ತಿತ್ತು. ಆಮೇಲೆ ಒಂದು ಮುಷ್ಟಿ ತೆಗೆದು ಬೆರಳ ಸಂದಿಯಿಂದ ಸುರುವುತ್ತ, "ಇದು ಬಿಳೂರಿಂದು ಅಂತ ಯಾಕ ಹೇಳ್ತಿಯೋ? ಮ್ಯಾಲಿನ ಎರಡು ಗೇಣು ಬಿಳೂರಿಂದು. ಕೆಳಗಿಂದು ಸೋನ್ಯಾಳದ್ದು. ಬೀಗರ ಮನಿಯಿಂದ ತಂದು ಬೆರಸೀದಿ, ಹೌದಲ್ಲೋ?" ಅನ್ನುತ್ತಿದ್ದರು. ರೈತ ನಗುತ್ತ ತಲೆ ಕೆರೆದುಕೊಳ್ಳುತ್ತಿದ್ದ. ಆ ಕೈ ತಪ್ಪಿದ್ದನ್ನು ನಾನು ನೋಡಿಲ್ಲ.

ಆಮೇಲೆ ಅವರ ಕಣ್ಣಿಗೆ ಕಾಚಬಿಂದು ಬಂತು, ಒಳಗಿಂದೊಳಗೇ ಕಣ್ಣಿನ ನರ ತಿನ್ನುವ ರೋಗ. ಮೀರಜದ ಡಾಕ್ಟರು ನೋಡುವಷ್ಟರಲ್ಲಿ ಹೋದದ್ದು ಹೋಗಿತ್ತು. ಅಂಗಡಿ ಮಗನ ಕೈಗೆ ಬಂತು. ಆದರೆ ಕಾಕಾ ಅಂಗಡಿ ಬಿಡಲಿಲ್ಲ. ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಚೀಲ ಬಂದಾಗಲೆಲ್ಲ, "ತಾ ಇಲ್ಲಿ" ಅಂತ ಕೈ ಚಾಚುತ್ತಿದ್ದರು. "ಕಣ್ಣ ಹೋದುವು ಅಂತ ಮಂದಿ ಮರಮರಾ ಮರಗತಾರ. ನನ್ನ ಹತ್ತು ಕಣ್ಣು ಇಲ್ಲಿ ಅದಾವ" ಅಂತ ಬೆರಳು ಬಿಚ್ಚಿ ತೋರಿಸುತ್ತಿದ್ದರು.

ನಾನು ನಿವೃತ್ತನಾದ ಮೇಲೆ ನಮ್ಮ ಟವೆಲ್ ನಡಿಗೆ ಸುರುವಾಯಿತು. ಪಾಯವಾಟದ ಬೋರ್ಡಿನ ಕಂಬ ಮುಟ್ಟಿ ಕಾಕಾ ಹೆಜ್ಜೆ ಎಣಿಸುತ್ತಿದ್ದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಎಣಿಸುವಾಗ ನಾನು ಮಾತಾಡಿದರೆ ಟವೆಲ್ ಜಗ್ಗಿ ಸುಮ್ಮನಿರಿಸುತ್ತಿದ್ದರು. ಮುನ್ನೂರಾ ಹನ್ನೆರಡನೆಯ ಹೆಜ್ಜೆಗೆ ಒಂದು ತಿರುವು. ಆ ತಿರುವಿನಲ್ಲಿ ಒಂದು ಹಳೆಯ ಬನ್ನಿ ಮರ. ದಾರಿಯೇ ಅದಕ್ಕಾಗಿ ಸರಿದು ಜಾಗ ಕೊಟ್ಟಿತ್ತು.

ಅದು ಪೂಜೆಯ ಬನ್ನಿಯಲ್ಲ. ಊರವರೆಲ್ಲ ದಸರೆಗೆ ಹೋಗುವ ಬನ್ನಿ ಬೇರೆ ಕಡೆ, ಕಟ್ಟೆ ಕಟ್ಟಿಸಿಕೊಂಡು ನಿಂತಿದೆ. ಇದಕ್ಕೆ ಕುಂಕುಮ ಇಲ್ಲ, ದಾರ ಇಲ್ಲ. ಕಾಕಾರ ತಂದೆಯ ಕಾಲದಲ್ಲಿ ಹಳ್ಳಿಯಿಂದ ಕಾಳಿನ ಗಾಡಿ ಬಂದರೆ ಊರು ಹೊಗುವ ಮೊದಲು ಇದರ ನೆರಳಿಗೆ ಕೊಳ್ಳ ಹರಿದು ಎತ್ತು ಬಿಚ್ಚುತ್ತಿದ್ದರಂತೆ. ಎತ್ತುಗಳ ಹಗ್ಗ ತಿಕ್ಕಿ ತಿಕ್ಕಿ ಎದೆಯೆತ್ತರಕ್ಕೆ ಒಂದು ಗಂಟು ಎದ್ದಿತ್ತು, ಮಗುವಿನ ಮೊಣಕಾಲಿನಷ್ಟು. ದಸರೆಗೆ ಅವರ ಅಂಗಡಿಯ ಬನ್ನಿ ಮಾತ್ರ ಇದೇ ಮರದ್ದು. ಕಾಕಾ ದಿನಾ ಆ ಗಂಟನ್ನು ಹಿಡಿದು, ಹಣೆ ಹಚ್ಚಿ, "ಬಂದ್ವಿ ನೋಡವಾ. ಇನ್ನ ಹೊಳ್ಳತೀವಿ" ಅನ್ನುತ್ತಿದ್ದರು. ಅಲ್ಲಿಂದ ಹಿಂದಕ್ಕೆ.

ಹೋದ ವರ್ಷ ಮಳೆಗಾಲ ಸುರುವಾಗುವ ಹೊತ್ತಿಗೆ ಕಾಕಾ ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡರು. ದರಿಬಡಚಿಯಲ್ಲಿ ಅವರ ಮಗಳಿದ್ದಾಳೆ. ಅವಳು ಬಂದು, "ಎಣ್ಣಿ ಹಚ್ಚಿ ನಿಲ್ಲಿಸಿ ಕಳಸ್ತೀನಿ" ಅಂತ ಕರೆದುಕೊಂಡು ಹೋದಳು. ಎರಡು ತಿಂಗಳು ಬರಲಿಲ್ಲ.

ಆ ಎರಡು ತಿಂಗಳಲ್ಲೇ ಪಾಯವಾಟಕ್ಕೆ ಹಾಸುಕಲ್ಲು ಹಾಕುವ ಕೆಲಸ ಬಂತು. ಬಂತು ಅನ್ನುವುದು ತಪ್ಪು. ನಾವೇ ತರಿಸಿದೆವು. ಮುಂಜಾನೆ ನಡೆಯುವ ಆರೇಳು ಮಂದಿ ನಿವೃತ್ತರು ಸೇರಿ ಅರ್ಜಿ ಕೊಟ್ಟೆವು. ಮಳೆಯಲ್ಲಿ ಕೆಸರಾಗುತ್ತದೆ, ಮುಳ್ಳು ಚಪ್ಪಲಿ ತೂರುತ್ತದೆ, ದಾರಿ ನೆಟ್ಟಗಿಲ್ಲ ಅಂತ. ಅರ್ಜಿ ಬರೆದವನು ನಾನು. ಮೋತಿಯಂಥ ಅಕ್ಷರ ಅಂತ ಎಲ್ಲರೂ ಹೊಗಳಿದರು. 'ದಾರಿಯಲ್ಲಿ ಅಡ್ಡ ಬರುವ ಮುಳ್ಳುಗಿಡಗಳನ್ನು ತೆಗೆಯಬೇಕು' ಅನ್ನುವ ಸಾಲು ಬರೆಯುವಾಗ ನನಗೆ ಬನ್ನಿ ನೆನಪಾಗಲಿಲ್ಲವೇ? ಆಯಿತು. 'ಅಡ್ಡ ಬರುವ' ಅನ್ನುವುದರಲ್ಲಿ ಅದು ಬರುವುದಿಲ್ಲ ಅಂದುಕೊಂಡೆ. ಅಂದುಕೊಂಡು ಮುಂದಿನ ಸಾಲಿಗೆ ಹೋದೆ.

ಕಡಿಯಲು ಬಂದವನು ಪಡುವಣ ಕಡೆಯ ಮರಾಠಿ ಮನುಷ್ಯ, ನನ್ನದೇ ವಯಸ್ಸು. ಆ ಕಡೆಯವರು ದಸರೆಗೆ ಕೊಟ್ಟುಕೊಳ್ಳುವ ಬಂಗಾರ ಆಪಟೆಯ ಎಲೆ, ಜೋಡಿ ರೆಕ್ಕೆಯಂತೆ ಅಗಲವಾದದ್ದು. ನಮ್ಮ ಬನ್ನಿ ಅವನಿಗೆ ಬರಿ ಮುಳ್ಳಿನ ಮರ. ಆದರೂ ಕೊಡಲಿ ಎತ್ತುವ ಮೊದಲು ಅವನು ಮರ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಪೂಜೆಚಂ ಝಾಡ ನಾಯ ನಾ, ಗುರುಜಿ?"

ಪೂಜೆಯ ಮರ ಅಲ್ಲ ತಾನೆ ಅಂತ. ಅವನು ಕೇಳಿದ್ದು ಅಷ್ಟೇ. ಪೂಜೆಯದೇ ಅಂದಿದ್ದರೆ ಕೊಡಲಿ ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ದಾರಿ ಒಂದು ಸುತ್ತು ಸುತ್ತಿಕೊಳ್ಳುತ್ತಿತ್ತು. ಆದರೆ ಹಿಂದೆ ನಮ್ಮವರೆಲ್ಲ ನಿಂತಿದ್ದರು. "ಮಾಸ್ತರ ಬರದ್ರು, ಕೆಲಸ ಆತು" ಅಂತ ಆಗಷ್ಟೇ ಒಬ್ಬರು ನನ್ನ ಬೆನ್ನು ತಟ್ಟಿದ್ದರು. ಈಗ ನಾನೇ ಬೇಡ ಅಂದರೆ ಹೇಗೆ? ಗೇಟಿನ ಚಹಾ ಬೇರೆ ಆರುತ್ತಿತ್ತು.

"ನಾಯ. ಕಾಟೇರಿ ಝಾಡ ಆಹೆ" ಅಂದೆ. ಅಲ್ಲ, ಮುಳ್ಳಿನ ಮರ.

ಸುಳ್ಳು ಹೇಳಿದೆನೇ? ಅದು ಪೂಜೆಯ ಬನ್ನಿಯಲ್ಲ. ಅದಕ್ಕೆ ಮುಳ್ಳೂ ಇತ್ತು. ಎರಡೂ ಮಾತು ಖರೆ. ಎರಡು ಖರೆ ಮಾತು ಸೇರಿಸಿ ಒಂದು ಮರ ಕಡಿಸಿದೆ. ನೆಲಕ್ಕೆ ಸಮ ಕೊಯ್ದರು. ಸುತ್ತ ಹಾಸುಕಲ್ಲು ಕೂಡಿಸಿದರು. ಬೊಡ್ಡೆ ಮಾತ್ರ ಕಲ್ಲುಗಳ ನಡುವೆ ಒಂದು ದುಂಡನೆ ತೇಪೆಯಾಗಿ ಉಳಿಯಿತು.

ಕಾಕಾ ಬಂದದ್ದು ಶ್ರಾವಣದಲ್ಲಿ. ಬಂದ ಮರುದಿನ ಮುಂಜಾನೆ ಟವೆಲ್ ಹಿಡಿದು ನಮ್ಮ ಕಟ್ಟೆಯ ಮುಂದೆ ನಿಂತಿದ್ದರು. "ಏ ಮಾಸ್ತರ, ಎದ್ದಿಯೋ ಸತ್ತಿಯೋ? ಎರಡು ತಿಂಗಳಾತು ನನ್ನವ್ವನ್ನ ಮುಟ್ಟದ. ನಡಿ ಲಗೂನ."

ದಾರಿಯುದ್ದಕ್ಕೂ ನಾನು ಹೇಳಬೇಕು ಅಂದುಕೊಂಡೆ. ಹಾಸುಕಲ್ಲಿನ ಮೇಲೆ ಅವರ ಚಪ್ಪಲಿ ಟಪಟಪ ಅನ್ನುತ್ತಿತ್ತು. "ಏನಪಾ, ಕುರಿ ದಾರಿಗೆ ಕಲ್ಲ ಹಾಸ್ಯಾರ! ಕುರಿಗೋಳು ಪಾಸ್ ಆಗಿ ಸಾಹೇಬ ಆದುವೇನ?" ಅಂತ ನಗುತ್ತಿದ್ದರು. ಎರಡು ತಿಂಗಳು ಹಾಸಿಗೆಯಲ್ಲಿದ್ದ ಮನುಷ್ಯ, ಮಕ್ಕಳಂತೆ ಹಿಗ್ಗಿದ್ದರು. ಇವತ್ತು ಬೇಡ, ನಾಳೆ ಹೇಳೋಣ ಅನ್ನಿಸಿತು. ಮುನ್ನೂರಾ ಹನ್ನೆರಡು ಬಂತು. ನಾನು ನಿಲ್ಲಲಿಲ್ಲ. ಇನ್ನೂ ಹದಿನೆಂಟು ಹೆಜ್ಜೆ ಮುಂದೆ, ದಾರಿಯ ಬಲಕ್ಕೆ, ಒಂದು ದೊಡ್ಡ ಬಳ್ಳಾರಿ ಜಾಲಿ ಇತ್ತು. ಯಾರೂ ನೆಡದ, ಯಾರಿಗೂ ಬೇಡಾದ, ಎಲ್ಲಿ ನೋಡಿದರಲ್ಲಿ ಹಬ್ಬುವ ಆ ಜಾಲಿಯ ಬೊಡ್ಡೆಗೆ ನಾನು ಕಾಕಾರ ಕೈ ಮುಟ್ಟಿಸಿದೆ.

ಕಾಕಾರ ಬೆರಳು ಮೇಲೆ ಹೋದವು, ಕೆಳಗೆ ಬಂದವು.

"ಹೆಜ್ಜಿ ಹೆಚ್ಚಿಗಿ ಆದುವಲ್ಲೋ."

"ಬಿದ್ದು ಎದ್ದೀರಿ ಕಾಕಾ. ಹೆಜ್ಜಿ ಸಣ್ಣಾಗ್ಯಾವ" ಅಂದೆ.

"ಹೌದೇನ?"

"ಹೌದ್ರಿ. ನಾ ನೋಡಾಕತ್ತೀನಲ್ರಿ."

"ಗಂಟ ಎಲ್ಲೈತಿ?"

"ಮಳಿಗಿ ತೊಗಟಿ ಉಬ್ಬಿ ಮುಚ್ಚೇತ್ರಿ."

ಅವರು ಸ್ವಲ್ಪ ಹೊತ್ತು ತಮ್ಮ ಅಂಗೈ ಅಂಗೈ ತಿಕ್ಕಿಕೊಂಡರು. ಕಾಣದ ಕಣ್ಣಿನಿಂದ ಕೈಗಳ ಕಡೆ ನೋಡಿದರು. ಆಮೇಲೆ ಜಾಲಿಗೆ ಹಣೆ ಹಚ್ಚಿ, "ಬಂದ್ವಿ ನೋಡವಾ" ಅಂದರು. ಎಂದಿನ ದನಿ ಅಲ್ಲ. ಗುರುತಿಲ್ಲದ ಮನೆಯಲ್ಲಿ ನೀರು ಕೇಳುವವರ ದನಿ.

ನಾಳೆ ಹೇಳಲಿಲ್ಲ. ನಾಡಿದ್ದೂ ಹೇಳಲಿಲ್ಲ. ಸುಳ್ಳು ಮೊದಲ ದಿನ ಕಲ್ಲಿನಷ್ಟು ಭಾರ, ವಾರ ಕಳೆದರೆ ಕಿಸೆಯಲ್ಲಿನ ಕೀಲಿಕೈ ಇದ್ದಂತೆ. ಇದೆ ಅನ್ನುವುದೇ ಮರೆಯುತ್ತದೆ. ನಾನು ಮರೆಯದಂತೆ ನೋಡಿಕೊಂಡವಳು ಒಬ್ಬಳೇ, ಪಾಯವಾಟದ ಕಸ ಗುಡಿಸುವ ಹೆಣ್ಣುಮಗಳು. ಮರ ಕಡಿದ ದಿನ ಟೊಂಗೆ ಎಳೆದು ಹಾಕಿದವಳು ಅವಳೇ. ನಾವು ಜಾಲಿಯ ಹತ್ತಿರ ನಿಂತಾಗ ಅವಳ ಪೊರಕೆ ನಿಲ್ಲುತ್ತಿತ್ತು. ಒಂದು ದಿನ ಕಾಕಾ ಮುಂದೆ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಾಗ ನನ್ನ ಹತ್ತಿರ ಬಂದಳು.

"ಮಾಸ್ತರ್ರ, ಛಲೋ ಸಾಲಿ ಕಲಿಸಾಕತ್ತೀರಿ ಅಜ್ಜಗ."

"ಯಾಕವಾ?"

"ಜಾಲಿಗಿ ನಮಸ್ಕಾರ ಮಾಡಸಾಕತ್ತೀರಲ್ರಿ. ನಾಳಿ ದೀಪದ ಕಂಬಕ್ಕ ಕಾಯಿ ಒಡಸ್ರಿ."

"ಸುಮ್ಮನಿರವಾ. ಮುದುಕರು, ನೋವು ಮಾಡ್ಕೋತಾರ."

"ಅವರು ಮಾಡ್ಕೋತಾರೋ, ನೀವು ಮಾಡ್ಕೋತೀರೋ?" ಅಂದು ಪೊರಕೆ ತಿರುವಿ ಹೋದಳು. ನನಗೆ ಸಿಟ್ಟು ಬಂತು. ಖರೆ ಆಡಿದವರ ಮೇಲೆ ಬರುವ ಸಿಟ್ಟು ಅದು, ಅದಕ್ಕೆ ಹಲ್ಲಿಲ್ಲ.

ದಸರೆ ಹತ್ತಿರ ಬಂತು. ಹೊಸ ಸಜ್ಜೆ ಅಂಗಡಿಗೆ ಬರುವ ಕಾಲ. ಒಂದು ಮಧ್ಯಾಹ್ನ ನಾನು ಕಾಕಾರ ಅಂಗಡಿಯಲ್ಲಿ ಚೀಲದ ಮೇಲೆ ಕುಳಿತಿದ್ದೆ. ಬಿಳೂರಿನ ರೈತನೊಬ್ಬ ಸಜ್ಜೆ ತಂದ. ಹಳೆಯ ಗಿರಾಕಿ. ಚೀಲದ ಬಾಯಿ ಬಿಚ್ಚಿ ಕಾಕಾರ ಕುರ್ಚಿಯ ಮುಂದೆ ತಂದಿಟ್ಟ. "ಕೈ ಹಾಕ್ರಿ ಯಜಮಾನ್ರ. ಹಸಿ ಐತೋ ಒಣಗೇತೋ ನೀವ ಹೇಳ್ರಿ. ನಿಮ್ಮ ಮಗ ಹೇಳಿದ್ರ ನಾ ನಂಬಾಂವ ಅಲ್ಲ."

ಕಾಕಾ ಕೈ ಚಾಚಲಿಲ್ಲ. ತೊಡೆಯ ಮೇಲಿದ್ದ ಎರಡೂ ಕೈಗಳನ್ನು ಶಾಲಿನ ಒಳಗೆ ಎಳೆದುಕೊಂಡರು.

"ಅಂವಾ ನೋಡ್ತಾನ ತಗೋ" ಅಂದರು.

"ಯಾಕ್ರಿ, ಸಿಟ್ಟಾಗೀರೇನ?"

"ಸಿಟ್ಟ ಎಲ್ಲೀದು. ಕೈ ಹೋತು ನನ್ನದು." ನಗುತ್ತಲೇ ಹೇಳಿದರು. "ಸಣ್ಣಂವ ಇದ್ದಾಗಿಂದ ಮುಟ್ಟಿದ ಬನ್ನಿ, ಅದರ ಗುರುತು ಹತ್ತವಲ್ದು. ಸಜ್ಜಿ ಏನ ಗುರುತ ಹತ್ತೀತು? ಸುಳ್ಳ ಪಳ್ಳ ಹೇಳಿ ಯಾರಿಗರ ಲುಕ್ಸಾನ ಮಾಡೂದು ಬ್ಯಾಡ."

ಮಗ ನನ್ನ ಕಡೆ ನೋಡಿ ಮೆಲ್ಲಗೆ, "ತಿಂಗಳಾತ್ರಿ, ಒಂದು ಚೀಲಾನೂ ಮುಟ್ಟಿಲ್ಲ. ಊಟಕ್ಕ ಕುಂತಾಗ ತಾಟೂ ಅವ್ವನ್ನ ಕೇಳಿ ಮುಟ್ಟತಾರ, ಇದು ರೊಟ್ಟಿನೋ, ಪಲ್ಯಾನೋ ಅಂತ" ಅಂದ.

ನಾನು ಚೀಲದ ಮೇಲಿಂದ ಎದ್ದೆ. ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಮನೆಗೆ ಬಂದೆ. ಮರದ ಬಗ್ಗೆ ಅಷ್ಟು ದಿನ ಅತ್ತಿತ್ತ ಸಮಾಧಾನ ಹೇಳಿಕೊಂಡಿದ್ದೆ. ಮರ ಹೋದರೆ ಮರ ಹುಟ್ಟುತ್ತದೆ, ಹೀಗೆ ಏನೇನೋ. ಆದರೆ ನಾನು ಕೊಯ್ದದ್ದು ಮರ ಒಂದೇ ಅಲ್ಲ. ಆ ಮನುಷ್ಯನಿಗೆ ಉಳಿದಿದ್ದ ಹತ್ತು ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿದ್ದೆ. ಅದೂ ಅವರೇ ಕಲಿಸಿದ ಮಾತುಗಳಿಂದ.

ಮರುದಿನ ಮುಂಜಾನೆ ಬೋರ್ಡಿನ ಕಂಬದಿಂದ ಕಾಕಾ ಎಣಿಸುತ್ತ ಹೊರಟರು. ಈಗೀಗ ಅವರು ಬೇಕಂತಲೇ ಹೆಜ್ಜೆ ಉದ್ದ ಹಾಕುತ್ತಿದ್ದರು. ಕಾಲು ಸಣ್ಣಾಗಿಲ್ಲ ಅಂತ ಯಾರಿಗೋ ತೋರಿಸುವವರಂತೆ. ಹಾಗಾಗಿ ಎಣಿಕೆ ತಪ್ಪಿ, ಮತ್ತೆ ನಿಂತು, ಮತ್ತೆ ಹಿಡಿದು, ತಡವಾಗುತ್ತಿತ್ತು. ಹಾಸುಕಲ್ಲಿನ ನಡುವಿನ ದುಂಡು ತೇಪೆಯ ಹತ್ತಿರ ನಾನು ನಿಂತೆ. ಟವೆಲ್ ಬಿಗಿಯಾಯಿತು.

"ಯಾಕ ನಿಂತಿ? ಇನ್ನಾ ಮುಂದೈತಿ."

"ಇಲ್ಲೇ ಐತ್ರಿ ಕಾಕಾ. ಕುಂದರ್ರಿ."

"ದಾರ್ಯಾಗ?"

"ಕುಂದರ್ರಿ."

ಕಷ್ಟಪಟ್ಟು ಕುಕ್ಕರಗಾಲಲ್ಲಿ ಕುಳಿತರು. ನಾನು ಅವರ ಬಲಗೈ ಹಿಡಿದು ಬೊಡ್ಡೆಯ ಮೇಲೆ ಇಟ್ಟೆ. ಬೆರಳುಗಳು ಮೊದಲು ಸುಮ್ಮನಿದ್ದವು. ಆಮೇಲೆ ನಡುವಿನಿಂದ ಹೊರಗೆ, ಒಂದೊಂದೇ ಸುತ್ತಿನ ಗುಂಟ ಹರಿದವು. ಅಂಚಿಗೆ ಉಳಿದಿದ್ದ ಒಂದಿಷ್ಟು ತೊಗಟೆಯ ಹತ್ತಿರ ಬಂದು ನಿಂತವು. ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದರು.

ಕೆರೆದ ತೊಗಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಯಾವಾಗ?"

"ನೀವು ಮಗಳ ಊರಾಗ ಇದ್ದಾಗ."

"ಯಾರ ಕಡದ್ರು?"

"ನಾನ್ರಿ."

"ನೀ ಕೊಡ್ಲಿ ಹಿಡದಿ? ನಿನಗ ಪೆನ್ಸಿಲ್ ಚೂಪ ಮಾಡಾಕ ಬರೂದಿಲ್ಲ."

"ಹಿಡೀಲಿಲ್ರಿ. ಪೂಜಿ ಮರ ಏನು ಅಂತ ಕೇಳಿದ. ಅಲ್ಲ ಅಂದೆ. ಮುಳ್ಳಿನ ಗಿಡ ಅಂದೆ."

ಬೈಗುಳಕ್ಕಾಗಿ ಕಾದೆ. ಅವರ ಹತ್ತಿರ ಎಂಥೆಂಥ ಬೈಗುಳ ಇವೆ ಅಂತ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಕಾಕಾರ ಮುಖದ ಮೇಲೆ ಬೇರೆ ಏನೋ ಬರುತ್ತಿತ್ತು. ತುಟಿ ಅಲ್ಲಾಡಿತು, ಎಣಿಸುವಾಗ ಅಲ್ಲಾಡುವ ಹಾಗೆ.

"ತಡಿ. ಹಂಗಾರ... ಹೆಜ್ಜಿ ಮುನ್ನೂರಾ ಹನ್ನೆರಡ ಖರೆ?"

"ಖರೆ ರಿ."

"ಗಂಟ ಮುಚ್ಚಿಲ್ಲ?"

"ಇಲ್ರಿ. ಅದು ಜಾಲಿ. ಬಳ್ಳಾರಿ ಜಾಲಿ."

ಕಾಕಾ ನನ್ನ ಹೆಗಲ ಮೇಲೆ ಭಾರ ಹಾಕಿ ಎದ್ದರು. ಟವೆಲ್ ನೆಲಕ್ಕೆ ಬಿತ್ತು, ಅವರು ಲಕ್ಷ್ಯ ಮಾಡಲಿಲ್ಲ. ಒಬ್ಬರೇ ಮುಂದೆ ನಡೆದರು, ದೊಡ್ಡ ದನಿಯಲ್ಲಿ ಎಣಿಸುತ್ತ, ಒಂದು, ಎರಡು, ಮೂರು. ನಾನು ಹಿಂದೆ ಓಡಿದೆ. ಹದಿನೆಂಟಕ್ಕೆ ಬಲಕ್ಕೆ ಹೊರಳಿ ಕೈ ಚಾಚಿದರು. ಜಾಲಿ ಅಲ್ಲೇ ಇತ್ತು. ಅದರ ಬೊಡ್ಡೆಗೆ ಎಮ್ಮೆಯ ಬೆನ್ನಿಗೆ ಹೊಡೆದಂತೆ ಫಟ್ ಅಂತ ಹೊಡೆದರು.

"ಏ ಜಾಲಿ! ಇಷ್ಟ ದಿನ ಬಿಟ್ಟಿ ನಮಸ್ಕಾರ ತಗೊಂಡೆಲ್ಲೋ! ಒಂದರ ದಿನ ಅಲ್ಲಪಾ ನಾ ಬನ್ನಿ ಅಂತ ಬಾಯಿ ಬಿಟ್ಟೇನ?"

ಗಟ್ಟಿಯಾಗಿ ನಕ್ಕರು. ಕೌಜುಗಗಳು ಎದ್ದು ಹಾರಿದವು. ದೂರ ಪೊರಕೆ ನಿಂತಿತು. ಅವರು ನಕ್ಕದ್ದು ನೋಡಿ ನನಗೂ ಒಂದು ಕ್ಷಣ, ಎಂಥ ನಾಚಿಕೆಗೇಡಿ ನಾನು, ಹಗುರ ಅನ್ನಿಸಿತು. ಮುಗಿಯಿತು ಅಂದುಕೊಂಡೆ. ಆಗ ಅವರು ನಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು, ನಾನು ನಿಂತ ಕಡೆಗೆ ಸರಿಯಾಗಿ.

"ಮರದ್ದು ಬಿಡು. ಗಾಡಿ ಹೋದುವು, ಎತ್ತ ಹೋದುವು, ಅದೂ ಹೋತು. ಆದ್ರ ನನ್ನ ಹೆಜ್ಜಿ ಸಣ್ಣಾಗ್ಯಾವ ಅಂದೆಲ್ಲಾ, ಮಾಸ್ತರ..."

ಆ ಮಾತು ಮುಗಿಸಲಿಲ್ಲ. ಮತ್ತೆ ಎಣಿಸುತ್ತ ಗೇಟಿನ ಕಡೆ ಹೊರಟರು. ಬೊಡ್ಡೆಯ ಹತ್ತಿರ ಬಿದ್ದಿದ್ದ ಟವೆಲ್ ಎತ್ತಿ ಝಾಡಿಸಿ ಕೊಡಲು ಹೋದೆ. ತೆಗೆದುಕೊಂಡು, ಮಡಚಿ, ಎರಡೂ ತುದಿ ತಮ್ಮ ಹೆಗಲ ಮೇಲೇ ಹಾಕಿಕೊಂಡರು. ಮುನ್ನೂರಾ ಮೂವತ್ತು ಹೆಜ್ಜೆ ನಾನು ಅವರ ಹಿಂದೆ ನಡೆದೆ. ಅವರು ಒಂದು ಕಡೆಯೂ ಎಡವಲಿಲ್ಲ.

ಅದೇ ದಿನ ಮಧ್ಯಾಹ್ನ ಅಂಗಡಿಯಲ್ಲಿ ಇದ್ದ ಚೀಲಗಳನ್ನೆಲ್ಲ ಬಿಚ್ಚಿಸಿ ಮೊಣಕೈ ತನಕ ಕೈ ಇಳಿಬಿಟ್ಟರಂತೆ. ಬಿಳೂರಿನ ಸಜ್ಜೆ ಮೇಲೆ ಒಣಗಿದೆ, ತಳದಲ್ಲಿ ಹಸಿ ಇದೆ ಅಂತ ಹೇಳಿ, ಮಗ ತೆಗೆದುಕೊಂಡದ್ದಕ್ಕೆ ಅವನನ್ನು ಬೈದರಂತೆ. ಮಗ ಸಂಜೆ ಬಂದು ಖುಷಿಯಿಂದ ನನಗೆ ಹೇಳಿದ. "ಏನ್ ಔಷಧ ಕೊಟ್ರಿ ಮಾಸ್ತರ್ರ?" ಅಂದ. 

ದಸರೆಯ ಸಂಜೆ ಅವರ ಮನೆಗೆ ಹೋಗಲೋ ಬೇಡವೋ ಅಂತ ಎರಡು ಸಲ ಚಪ್ಪಲಿ ಮೆಟ್ಟಿ ಬಿಟ್ಟೆ. ಬನ್ನಿ ಕೊಡಲು ಹೋಗದಿದ್ದರೆ ಜಗಳ ಉಳಿಸಿಕೊಂಡಂತೆ; ನಮ್ಮಲ್ಲಿ ವರ್ಷದ ಮುನಿಸೆಲ್ಲ ಆ ದಿನ ಎಲೆಯ ಜೊತೆ ಕೈ ಬದಲಾಯಿಸಬೇಕು. ಹೋದೆ. ಪಡಸಾಲೆಯ ತುಂಬ ಮಂದಿ. ತಾಟಿನಲ್ಲಿ ಬನ್ನಿ, ಪಕ್ಕದಲ್ಲಿ ಮರಾಠಿ ನೆರೆಯವರು ಕೊಟ್ಟ ಆಪಟೆ ಎಲೆ. ಈ ಸಲ ಬನ್ನಿ ದರಿಬಡಚಿಯ ಮಗಳು ತಂದದ್ದು. ನಾನು ಕಾಲು ಮುಟ್ಟಿದೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದೆ. 

"ಮಾಸ್ತರ ಏನು? ಕಣ್ಣ ಮುಚ್ಚು."

"ಕಾಕಾ..."

"ಮುಚ್ಚಂದ್ರ ಮುಚ್ಚು. ಏ, ಯಾರರ ನೋಡ್ರಿ, ಮುಚ್ಚ್ಯಾನೋ ಇಲ್ಲೋ. ಕಣ್ಣಿದ್ದವರದು ನಂಬಿಗಿ ಇಲ್ಲ."

ನಕ್ಕರು ಎಲ್ಲರೂ. ನಾನು ಮುಚ್ಚಿದೆ. ಒಂದು ಅಂಗೈಯಲ್ಲಿ ಒಂದು ಟಿಸಿಲು, ಇನ್ನೊಂದರಲ್ಲಿ ಇನ್ನೊಂದು ಬಂತು. "ಒಂದು ಬನ್ನಿ. ಒಂದು ನಿನ್ನ ಜಾಲಿ. ಮುಂಜಾನೆ ನಾನ ಹೋಗಿ ಹರಕೊಂಡು ಬಂದೀನಿ. ಯಾವುದು ಯಾವುದು, ಹೇಳು."

ಬೆರಳು ಆಡಿಸಿದೆ. ಸಣ್ಣ ಸಣ್ಣ ಎಲೆ, ಅದೂ ಸಣ್ಣ, ಇದೂ ಸಣ್ಣ. ಮುಳ್ಳು ಎರಡಕ್ಕೂ ಇತ್ತು. ಬೆವರಿದೆ. ಕಡೆಗೆ, ಇದು ಬನ್ನಿ ಅಂತ ಬಲಗೈ ಎತ್ತಿದೆ.

ಪಡಸಾಲೆ ಹೋ ಅಂತು. ಕಣ್ಣು ತೆರೆದೆ. ಬಲಗೈಯಲ್ಲಿದ್ದದ್ದು ಜಾಲಿ.

"ನೋಡ್ರಪಾ, ಮಾಸ್ತರಗ ಜಾಲಿನ ಬಂಗಾರ" ಅಂದರು ಕಾಕಾ. ತಾವೂ ನಕ್ಕರು. ನನ್ನ ಎಡಗೈಯ ಬನ್ನಿಯನ್ನು ಮುಷ್ಟಿ ಮಾಡಿ ಮುಚ್ಚಿಸಿ, ಮೇಲೆ ತಮ್ಮ ಕೈ ಒತ್ತಿದರು. "ಇರೂಣಪಾ. ಬಂಗಾರದಂಗ ಇರೂಣು." ಸೊಸೆ ಕರ್ಚಿಕಾಯಿ ತಂದು ಕೊಟ್ಟಳು. ತಿಂದೆ.

ಈಗ ಮತ್ತೆ ನಡೆಯಲು ಹೋಗುತ್ತೇವೆ. ದಸರೆಯ ಮರುದಿನವೇ ಕಾಕಾ ಕಟ್ಟೆಯ ಮುಂದೆ ಬಂದು ಕೂಗಿದರು, ಟವೆಲ್ಲಿನ ತುದಿ ಕೊಟ್ಟರು. ಮುನ್ನೂರಾ ಹನ್ನೆರಡಕ್ಕೆ ನಿಂತು, ಬಗ್ಗಿ, ಹಾಸುಕಲ್ಲಿನ ನಡುವಿನ ಬೊಡ್ಡೆ ಮುಟ್ಟಿ, "ಬಂದ್ವಿ ನೋಡವಾ" ಅನ್ನುತ್ತಾರೆ. ಹಿಂದಿನ ಹಾಗೇ ಗಾದೆ ಹೇಳುತ್ತಾರೆ, ಚೇಷ್ಟೆ ಮಾಡುತ್ತಾರೆ. ನೋಡಿದವರಿಗೆ ಏನೂ ಬದಲಾಗಿಲ್ಲ.

ಮೊನ್ನೆ ಮುಂಜಾನೆ ಗಾಳಿ ತಂಪಾಗಿ ಬೀಸುತ್ತಿತ್ತು. ಬೊಡ್ಡೆಯ ಹತ್ತಿರ ನಿಂತಾಗ ಕಾಕಾ ಮುಖ ಎತ್ತಿ ಮೂಗು ಅರಳಿಸಿದರು. ಟವೆಲ್ಲಿನ ಇನ್ನೊಂದು ತುದಿ ಹಿಡಿದು ನಾನು ಮೊಳದಷ್ಟು ದೂರದಲ್ಲಿ ನಿಂತಿದ್ದೆ, ನನ್ನ ಎರಡೂ ಕಣ್ಣು ಕಾಣುತ್ತಿದ್ದವು. ಕಾಕಾ ಪೊರಕೆಯ ಸದ್ದು ಬರುವ ಕಡೆಗೆ ತಿರುಗಿದರು.

"ಯವ್ವಾ, ಮೋಡ ಆಗೈತೇನ?"

ಅವಳು ಪೊರಕೆ ನಿಲ್ಲಿಸಿದಳು. ಮೊದಲು ನನ್ನ ಮುಖ ನೋಡಿದಳು. ಆಮೇಲೆ ಆಕಾಶ ನೋಡಿ, "ಆಗೈತ್ರಿ ಅಜ್ಜಾರ" ಅಂದಳು.